ಇಲ್ಲ ಅಂದ ನಾಲ್ಕು ಪೇಟೆ

ಕುಬೇರಪ್ಪನವರಿಗೆ ‘ಇಲ್ಲ’ ಎನ್ನುವ ಮಾತು ಗೊತ್ತಿರಲಿಲ್ಲವೆಂದಲ್ಲ. ದಿನವಿಡೀ ಅವರೇ ಅದನ್ನು ಅನ್ನುತ್ತಿದ್ದರು. ಇನ್ನೊಬ್ಬರ ಬಾಯಿಂದ ಕೇಳಿ ರೂಢಿ ಇರಲಿಲ್ಲ, ಅಷ್ಟೆ. ಬಂಕಾಪುರದ ಕ್ರಾಸಿನಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲ್ಗಡೆ, ದೇವರ ಫೋಟೋದ ಕೆಳಗೆ, ಒಂದು ತಗಡಿನ ಹಲಗೆ ತೂಗುಬಿದ್ದಿತ್ತು: ‘ಮಾಲು ಕೊಡುವುದು ಬಿಡುವುದು ಮಾಲೀಕರ ಮರ್ಜಿ.’ ಮಗಳು ತನುಜಾ ಅಕ್ಷರ ಕೂಡಿಸಿ ಓದಲು ಕಲಿತದ್ದು ಆ ಹಲಗೆಯ ಮೇಲೆಯೇ. ಚಿಕ್ಕವಳಿದ್ದಾಗ ಆಕೆಗೆ ಅದು ಅಂಗಡಿಯೊಂದರ ಮಾತೆಂದು ಅನಿಸಿರಲಿಲ್ಲ. ಲೋಕ ನಡೆಯುವುದೇ ಹಾಗೆಂದು ತಿಳಿದಿದ್ದಳು. ಮಾಲೀಕರೆಂದರೆ ಅಪ್ಪ. ಕೊಟ್ಟರೆ ಉಂಟು, ಬಿಟ್ಟರೆ ಇಲ್ಲ.

ಅಂಥ ಅಪ್ಪ ಈ ಬೇಸಿಗೆಯಲ್ಲಿ ಆಕೆಯ ಮದುವೆ ಗೊತ್ತು ಮಾಡಿದ್ದರು. ಹುಡುಗ ಹಿರೇಕೆರೂರಿನ ಹತ್ತಿ ವ್ಯಾಪಾರಸ್ಥರ ಮನೆಯ ಚನ್ನೇಶ. ಕೆಟ್ಟವನೇನಲ್ಲ. ನೋಡಲು ಬಂದ ದಿನ ತಲೆ ತಗ್ಗಿಸಿಕೊಂಡು ಅವಲಕ್ಕಿ ತಿಂದು, ಪ್ಲೇಟನ್ನು ತಾನೇ ಒಳಗೆ ಒಯ್ದಿಟ್ಟಿದ್ದ. ಅವನ ಅಜ್ಜಿ ಹಾಸಿಗೆ ಹಿಡಿದಿದ್ದರು. ಕಣ್ಣು ಮುಚ್ಚುವುದರೊಳಗೆ ಮೊಮ್ಮಗನ ತಲೆಯ ಮೇಲೆ ಅಕ್ಕಿಕಾಳು ಬೀಳುವುದನ್ನು ನೋಡಬೇಕೆಂದು ಅವರ ಹಟ. ಕುಬೇರಪ್ಪ ಎಲ್ಲರೆದುರು ಮಾತು ಕೊಟ್ಟುಬಿಟ್ಟರು. ಅವರು ಕೊಟ್ಟ ಮಾತು ಹಿಂದಕ್ಕೆ ಬಂದದ್ದನ್ನು ನಾಲ್ಕು ತಾಲೂಕಿನಲ್ಲಿ ಯಾರೂ ಕಂಡಿರಲಿಲ್ಲ.

ತನುಜಾಳಿಗೆ ಹದಿನಾರು. ಶಿಗ್ಗಾಂವಿಯಲ್ಲಿ ಪಿಯುಸಿ ಮೊದಲ ವರ್ಷದ ಪರೀಕ್ಷೆ ಈಗಷ್ಟೇ ಮುಗಿಸಿದ್ದಳು. ಆಕೆಗೆ ದನದ ಡಾಕ್ಟರ್ ಆಗಬೇಕಿತ್ತು. ಎರಡು ವರ್ಷದ ಹಿಂದೆ ಮನೆಯ ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡಾಗ, ಸರ್ಕಾರಿ ದವಾಖಾನೆಯಿಂದ ಬಂದ ಹೆಣ್ಣು ಡಾಕ್ಟರು ತೋಳೇರಿಸಿ, ಬೆವರು ಸುರಿಸಿ, ಜೀವವಿದ್ದ ಕರುವನ್ನು ಹೊರಗೆಳೆದದ್ದನ್ನು ಹುಡುಗಿ ಕಣ್ಣು ಪಿಳುಕಿಸದೆ ನೋಡಿದ್ದಳು. ಮನುಷ್ಯರ ಕೈ ಅಷ್ಟು ಮಾಡಬಲ್ಲದೆಂದು ಆಕೆಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಆಸೆಯನ್ನು ಅವ್ವನಿಗೆ ಹೇಳಿದಳು. ಅವ್ವ ಅಪ್ಪನಿಗೆ ಹೇಳಿದರು. ಅಪ್ಪ ಹೊಟ್ಟೆ ತುಂಬ ನಕ್ಕರು.

ಸಂಬಂಧ ಗೊತ್ತಾದ ದಿನ ಅಪ್ಪ ಕೇಳಿದ್ದೇನೋ ನಿಜ. “ಏನವ್ವಾ, ಆಗಬಹುದಲ್ಲ?” ಅಂದರು. ಅದು ಕೇಳುವ ಧಾಟಿಯೇ ಅಲ್ಲ ಬಿಡಿ, ಮಾಲು ತೂಗಿ ಕಟ್ಟಿದ ಮೇಲೆ ‘ಚೀಲ ತಂದೀಯೇನು’ ಎಂದ ಹಾಗೆ. ತನುಜಾ ಕಾಲ್ಬೆರಳಿನಿಂದ ನೆಲ ಕೆರೆಯುತ್ತ “ನೀವು ಹೇಳಿದಂಗ ಅಪ್ಪಾ” ಅಂದಳು. ಅಂದ ಮೇಲೆ ತನ್ನ ನಾಲಿಗೆಯ ಮೇಲೆ ತನಗೇ ಸಿಟ್ಟು ಬಂತು. ಆದರೆ ಸಿಟ್ಟು ಬಂದಾಗ ಅಪ್ಪ ಆಗಲೇ ಫೋನ್ ಹಚ್ಚಿದ್ದರು.

ವಯಸ್ಸಿನ ಮಾತು ಅವ್ವ ವೀರವ್ವ ಒಂದು ಸಲ ಎತ್ತಿದರು. “ಹದಿನೆಂಟು ತುಂಬಾಕ ಬೇಕಂತ್ರಿ.”

“ತುಂಬೈತಿ ಅಂದ್ರಾತು,” ಅಂದರು ಕುಬೇರಪ್ಪ. “ಯಾರು ಎಣಿಸಾಕ ಕುಂತಾರ?”

ಎಣಿಸಲು ಯಾರೂ ಕೂತಿರಲಿಲ್ಲ, ಸರಿ. ಎಣಿಸಿ ಎಲ್ಲರ ಕೈಗೆ ಕೊಟ್ಟವರು ಅವರೇ. ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿಲ್ಲದೆ, ಹರಕೆ ಹೊತ್ತು, ಕೊನೆಗೆ ಹುಟ್ಟಿದ ಮಗಳು ಈಕೆ. ತೊಟ್ಟಿಲಿಗೆ ಹಾಕುವ ದಿನ ಅವರು ಮಾಡಿದ ಗದ್ದಲ ಮದುವೆಯನ್ನೂ ಮೀರಿಸುವಂಥದು. ಹಿರೇಕೆರೂರಿನಲ್ಲಿ ಕಾರ್ಡು ಹೊಡೆಸಿದರು, ಹಾನಗಲ್ಲಿನಿಂದ ಹಂದರ ತರಿಸಿದರು, ಸವಣೂರಿನಿಂದ ಬಳೆಗಾರನನ್ನು ಕರೆಸಿ ಬಂದ ಹೆಂಗಸರಿಗೆಲ್ಲ ಕೈತುಂಬ ಬಳೆ ಇಡಿಸಿದರು. ಅಷ್ಟಕ್ಕೇ ಬಿಟ್ಟರೇ? ಪ್ರತಿವರ್ಷ ಕ್ರಾಸಿನಲ್ಲಿ ಒಂದು ಫ್ಲೆಕ್ಸ್ ನಿಲ್ಲಿಸಿದರು. ಎರಡೂ ಕಡೆ ನವಿಲು, ನಡುವೆ ಮಗಳ ಮುಖ, ಕೆಳಗೆ ಒಂದನೇ ಹುಟ್ಟುಹಬ್ಬ, ಎರಡನೇ ಹುಟ್ಟುಹಬ್ಬ, ಮೂರನೆಯದು, ಹೀಗೆ ದೊಡ್ಡ ಅಕ್ಷರದಲ್ಲಿ. ಹೈವೇಯ ಮೇಲೆ ಹೋಗುವ ಲಾರಿಯವರಿಗೂ ಆಕೆಯ ವಯಸ್ಸು ಬಾಯಿಪಾಠ. ಹೀಗೆ ಊರಿಗೆಲ್ಲ ಸಾರಿದ ಲೆಕ್ಕವನ್ನು ಈಗ ಒಬ್ಬರೇ ಕೂತು ಅಳಿಸಬಹುದೆಂದು ಅವರು ತಿಳಿದದ್ದು, ಪ್ರೀತಿ ಜಾಸ್ತಿಯಾದ ಅಪ್ಪಂದಿರಷ್ಟೇ ಮಾಡಬಲ್ಲ ತಪ್ಪು.

ಆ ಸೋಮವಾರ ಮೂವರೂ ಜೀಪಿನಲ್ಲಿ ಹೊರಟರು. ತೊಟ್ಟಿಲಿಗೆ ಯಾರ್‍ಯಾರು ಬಂದಿದ್ದರೋ ಮದುವೆಯ ಕಾರ್ಡು, ಹಂದರ, ಬಳೆಗೂ ಅವರೇ ಆಗಬೇಕೆಂಬುದು ಅಪ್ಪನ ಹಟ. ಮೊದಲು ಹಿರೇಕೆರೂರು.

ಸಂತೆಯ ದಿನ. ಬಸ್‌ಸ್ಟ್ಯಾಂಡಿನಿಂದ ಪ್ರೆಸ್ಸಿನವರೆಗೆ ಮೆಣಸಿನಕಾಯಿ ಚೀಲ, ಬುಟ್ಟಿ, ಕೋಳಿ, ಜನ. ಪ್ರೆಸ್ಸನ್ನು ಈಗ ನೋಡಿಕೊಳ್ಳುವವಳು ಹಳೆಯ ಮಾಲೀಕರ ಸೊಸೆ ಶೀಲಾ. ಕುಬೇರಪ್ಪನವರನ್ನು ಕಂಡವಳೇ ಎದ್ದು, ಫ್ಯಾನ್ ತಿರುಗಿಸಿ, ನೀರು ಕೊಟ್ಟಳು. ಮದುವೆಯ ಕಾರ್ಡೆಂದು ಕೇಳಿ ಮಾದರಿಗಳ ಕಟ್ಟು ಬಿಚ್ಚಿದಳು. ಮದುಮಗಳ ಹೆಸರು ಕೇಳಿದ ಮೇಲೆ ಆಕೆಯ ಕೈ ಅಲ್ಲಿಗೇ ನಿಂತಿತು.

“ಅಣ್ಣಾರ, ಹುಡುಗೀದು ವಯಸ್ಸಿನ ದಾಖಲೆ ಬೇಕ್ರಿ. ತಾಲೂಕ ಆಫೀಸಿನವ್ರು ಹೇಳಿ ಹೋಗ್ಯಾರ.”

“ಹದಿನೆಂಟು ತುಂಬೈತಿ. ನಾ ಹೇಳ್ತೇನಲ್ಲ, ಸಾಲದೇನು?”

ಶೀಲಾ ಕಾರ್ಡುಗಳನ್ನು ಮತ್ತೆ ಕಟ್ಟತೊಡಗಿದಳು. ತಲೆ ಎತ್ತಲಿಲ್ಲ. “ಈಕಿ ತೊಟ್ಟಲ ಕಾರ್ಡಿಗೆ ಅರಿಷಿಣ ಹಚ್ಚಿದಾಕಿ ನಾನರಿ. ಆಗ ನನ್ನ ಮಗ ಹೊಟ್ಟ್ಯಾಗಿದ್ದ. ಅರಿಷಿಣದ ವಾಸನಿಗೆ ವಾಂತಿ ಮಾಡ್ಕೊಂತ ಹಚ್ಚೀನಿ, ಅದನ್ನ ಹ್ಯಾಂಗ ಮರೀಲಿ? ಅವ ಈಗ ಫಸ್ಟ್ ಪಿಯುಸಿ ಬರದಾನ್ರಿ.”

ಅಷ್ಟೆ. ಕಾರ್ಡಿನ ಕಟ್ಟು ಕಪಾಟಿನೊಳಗೆ ಹೋಯಿತು. ಆಕೆಯ ತುಟಿ ಅದುರುತ್ತಿತ್ತು. ಹೆದರಿದ್ದಳೆಂಬುದು ತನುಜಾಳಿಗೆ ಚೆನ್ನಾಗಿ ಕಂಡಿತು. ಹೆದರಿದವರೂ ಇಲ್ಲ ಅನ್ನಬಹುದು ಎಂಬುದು ಆಕೆಗೆ ಹೊಸದು. ಹೆದರಿಕೆ ಹೋದ ಮೇಲೆ ಮಾತು ಬರುತ್ತದೆಂದು ಕಾಯುತ್ತ ಕೂತಿದ್ದ ಹುಡುಗಿ ಅದು. ಇಲ್ಲಿ ನೋಡಿದರೆ ಹೆದರಿಕೆ ಅಲ್ಲೇ ಕೂತಿದೆ, ಅದರ ಪಕ್ಕದಲ್ಲೇ ಮಾತೂ ಕೂತಿದೆ.

“ಕಾರ್ಡ್ ಯಾಕ ಬೇಕು, ಎಲ್ಲಾರ ಕೈಯಾಗ ಮೊಬೈಲ್ ಐತಿ,” ಎಂದು ಗೊಣಗುತ್ತ ಕುಬೇರಪ್ಪ ಜೀಪು ತಿರುಗಿಸಿದರು. ಇನ್ನೂ ಮುಖದ ಮೇಲೆ ನಗು ಇತ್ತು. ಹೆಣ್ಣುಮಗಳು, ಪಾಪ, ಅಂಜ್ಯಾಳ ಎಂದು ಅವರ ಎಣಿಕೆ.

ಹಾನಗಲ್ಲಿನಲ್ಲಿ ಮಾವಿನ ಹಣ್ಣಿನ ಹೊತ್ತು. ರಸ್ತೆಗುಂಟ ಬುಟ್ಟಿಗಳು. ಹಂದರದ ನೀಲಪ್ಪ ತನ್ನ ಗೋದಾಮಿನಲ್ಲಿ ಬಟ್ಟೆಯ ಸುರುಳಿಗಳ ನಡುವೆ ಕೂತು ಹಣ್ಣು ಚೀಪುತ್ತಿದ್ದ. ಕೈ ತೊಳೆದು, ಇವರಿಗೂ ಹಣ್ಣು ಕೊಟ್ಟು, ಆದರದಿಂದ ಕೂರಿಸಿದ. ಸುದ್ದಿ ಕೇಳಿದ ಮೇಲೆ ಮಾತ್ರ ಅವನ ಬಾಯಲ್ಲಿ ಸುಳ್ಳುಗಳ ಸಂತೆಯೇ ನೆರೆಯಿತು. ಆ ದಿನ ಬೇರೆ ಕಡೆ ಒಪ್ಪಿಕೊಂಡಾಗಿದೆ. ಕಂಬ ಸಾಲುವುದಿಲ್ಲ. ಆಳುಗಳು ಊರಿಗೆ ಹೋಗಿದ್ದಾರೆ. ತನಗೂ ಬೆನ್ನುನೋವು.

“ನಿನಗ ಯಾವ ದಿನ ಸರಿ ಬರ್ತೈತಿ ಹೇಳು,” ಅಂದರು ಕುಬೇರಪ್ಪ. “ಮುಹೂರ್ತನ ಸರಿಸ್ತೇನಿ. ನಿನ್ನ ಹಂದರ ಬಿಟ್ಟು ನನ್ನ ಮಗಳ ಮದುವಿ ಆಗಬಾರದು.”

ಇಷ್ಟು ಪ್ರೀತಿಯನ್ನು ನೀಲಪ್ಪ ಎದುರುನೋಡಿರಲಿಲ್ಲ. ಸುಳ್ಳೆಲ್ಲ ಮುಗಿದುಹೋಗಿ ಬರಿದಾದ. ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ.

“ಹಂಗಾರ ಎರಡು ವರ್ಷ ಸರಸ್ರಿ, ಸಾವ್ಕಾರ್ರ.”

“ಏನಂದಿ?”

“ತೊಟ್ಟಲದ ಹಂದರ ನಾ ಹಾಕಿದ್ದು. ವರದಾ ಹೊಳಿ ಉಕ್ಕಿ ರಸ್ತಾ ಬಂದಾಗಿ, ಸುತ್ತ ಹಾಕ್ಕೊಂಡು ಬಂದಿದ್ವಿ. ಮಳಿ ಬಿಡವಲ್ದು. ಗಾಳಿಗೆ ಕಂಬ ಅಲಗಾಡಾಕತ್ತಿದ್ವು. ಕೂಸು ಕೆಳಗ ಮಲಗೇತಿ ಅಂತ ನಾ ನಡುವಿನ ಕಂಬ ತೆಕ್ಕಿಬಡ್ಕೊಂಡು ನಿಂತಿದ್ದೆ, ಹೆಸರಿಟ್ಟು ಮುಗಿಯೂಮಟ. ಆ ಕೂಸಿನ ವಯಸ್ಸು ನನಗ ಹೇಳ್ಬ್ಯಾಡ್ರಿ.” ಆತ ನಿಂತು ಕೈ ಮುಗಿದ. “ಎರಡು ವರ್ಷ ಬಿಟ್ಟು ಕರೀರಿ. ಕರೀದಿದ್ರೂ ಬರ್ತೇನಿ.”

ತನುಜಾ ಆತನ ತೋಳುಗಳನ್ನೇ ನೋಡಿದಳು. ಬಡಕಲು ತೋಳು, ಮೇಲೆ ನರ ಎದ್ದು ಕಾಣುತ್ತಿದ್ದವು. ತನಗೆ ನೆನಪೇ ಇಲ್ಲದ ಒಂದು ದಿನ, ತನ್ನ ತಲೆಯ ಮೇಲೆ ಏನೂ ಬೀಳಬಾರದೆಂದು ಈ ತೋಳು ಮಳೆಯಲ್ಲಿ ಒಂದು ಕಂಬವನ್ನು ಹಿಡಿದು ನಿಂತಿತ್ತು. ಆ ಕಂಬವನ್ನು ಆತ ಇನ್ನೂ ಬಿಟ್ಟಿಲ್ಲವೇನೋ ಅನಿಸಿ ಹುಡುಗಿಗೆ ಎದೆ ತುಂಬಿ ಬಂತು. ಹಣ್ಣನ್ನು ಕೈಯಲ್ಲಿ ಹಾಗೆಯೇ ಹಿಡಿದುಕೊಂಡು ಜೀಪು ಹತ್ತಿದಳು.

ಈ ಸಲ ಕುಬೇರಪ್ಪ ನಗಲಿಲ್ಲ. ಕಿವಿ ಕೆಂಪಗಾಗಿತ್ತು. ಗೇರು ಬದಲಿಸಿದಾಗ ಇಡೀ ಜೀಪು ನಡುಗಿತು.

“ನೋಡ್ಕೊಂತೇನಿ ಇವರನ್ನ,” ಅಂದರು. “ಅಂಗಡಿ ಹಾಕ್ಕೊಂಡು ಕುಂತಾರ, ಗಿರಾಕಿ ಬಂದ್ರ ಇಲ್ಲ ಅಂತಾರ. ಕೇಸ್ ಹಾಕ್ತೇನಿ.”

ವೀರವ್ವ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರಿಗೆ ಹದಿನೈದಕ್ಕೇ ಮದುವೆಯಾಗಿತ್ತು. ಆಗ ಯಾರೂ ಯಾವ ಕಂಬವನ್ನೂ ಹಿಡಿದಿರಲಿಲ್ಲ.

ಶಿಗ್ಗಾಂವಿಯಲ್ಲಿ ವಕೀಲ ಮೈಲಾರಲಿಂಗಪ್ಪನವರ ಆಫೀಸು ಬಸ್‌ಸ್ಟ್ಯಾಂಡಿನ ಹಿಂದೆ, ಮಹಡಿಯ ಮೇಲೆ. ಕುಬೇರಪ್ಪನವರ ಅಂಗಡಿಯ ವ್ಯವಹಾರವೆಲ್ಲ ಅವರದೇ ಕೈಯಲ್ಲಿ. ಊಟ ಮುಗಿಸಿ ಅಡಕೆ ಮೆಲ್ಲುತ್ತಿದ್ದವರು ಇವರ ಅಬ್ಬರಕ್ಕೆ ನೆಟ್ಟಗೆ ಕೂತರು.

“ಒಂದು ಮಾತು ಹೇಳ್ರಿ ವಕೀಲ್ರ. ಅಂಗಡಿ ತಗದಾಂವ ಗಿರಾಕಿಗೆ ಇಲ್ಲ ಅನ್ನಬಹುದೇನು?”

“ಅನ್ನಬಹುದು ಅಂತ ನಿಮ್ಮ ಅಂಗಡ್ಯಾಗ ಹಲಗಿ ತೂಗು ಹಾಕೀರೆಲ್ಲ.”

“ಅದು ನನ್ನ ಅಂಗಡಿ.”

ವಕೀಲರು ನಗು ತಡೆದುಕೊಂಡರು. “ಆ ಹಲಗಿ ಪೂರಾ ಖರೇನೂ ಅಲ್ಲ, ಪೂರಾ ಸುಳ್ಳೂ ಅಲ್ರಿ. ಕುಡದು ಬಂದು ಜಗಳಾ ತಗದಾಂವಗ ಇಲ್ಲ ಅನ್ರಿ, ನಡೀತೈತಿ. ಮಾಲು ಮುಗದ್ರ ಇಲ್ಲ ಅನ್ರಿ. ಆದ್ರ ಇಂಥಾ ಜಾತಿಯಾಂವ ಅಂತ ಕಟಿಂಗ್ ಅಂಗಡ್ಯಾಗ, ಹೋಟೆಲ್‌ನ್ಯಾಗ ಹೊರಗ ನಿಲ್ಲಿಸಿದ್ರಿ ಅಂದ್ರ, ಮರ್ಜಿ ಗಿರ್ಜಿ ಇಲ್ಲ, ನೇರ ಒಳಗ. ಈಗ ಹೇಳ್ರಿ, ನಿಮಗ ಇಲ್ಲ ಅಂದಾವ್ರು ಯಾರು? ಯಾಕ?”

ಕುಬೇರಪ್ಪ ಹೇಳಿದರು. ಮಗಳ ವಯಸ್ಸು ಬರುವಲ್ಲಿ ದನಿ ಸ್ವಲ್ಪ ಸಣ್ಣದಾಯಿತು. ವಕೀಲರ ಮುಖದ ಮೇಲಿನ ನಗು ಮಾಯವಾಯಿತು. ಅಡಕೆ ಉಗುಳಿ ಬಂದು ಕೂತರು.

“ಸಾವ್ಕಾರ್ರ, ಇದು ಉಲ್ಟಾ ಕೇಸು. ಇಲ್ಲಿ ಇಲ್ಲ ಅಂದಾಂವ ಪಾರು, ಹೂಂ ಅಂದಾಂವ ಒಳಗ. ಹದಿನೆಂಟು ತುಂಬದ ಹುಡುಗಿ ಮದುವಿಗೆ ಗೊತ್ತಿದ್ದೂ ಗೊತ್ತಿದ್ದೂ ಯಾರು ಕೈ ಹಚ್ತಾರ, ಮಂತ್ರ ಹೇಳಿದಾವ್ರಾಗ್ಲಿ, ಅಡಗಿ ಮಾಡಿದಾವ್ರಾಗ್ಲಿ, ಅವರ ಮ್ಯಾಲೆ ಕೇಸ್ ಆಗಬಹುದು. ಎರಡು ವರ್ಷದಮಟ ಜೈಲು, ಲಕ್ಷದಮಟ ದಂಡ. ಹೆತ್ತ ಅಪ್ಪಗೂ ಬಿಡಂಗಿಲ್ಲ. ಮತ್ತ ಆ ಮದುವಿ ನಮ್ಮ ರಾಜ್ಯದಾಗ ಮದುವಿನ ಅಲ್ಲ. ತಾಳಿ ಕಟ್ಟಿದ್ರೂ ಕಟ್ಟದಂಗ.”

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ತನುಜಾ ತಲೆ ಎತ್ತಿ ವಕೀಲರ ಕಡೆ ನೋಡಿದಳು. ಹುಡುಗಿ ಇದನ್ನು ಶಾಲೆಯ ಗೋಡೆಯ ಮೇಲೆ ಓದಿರಲಿಲ್ಲವೆಂದಲ್ಲ. ಓದಿದ್ದಳು. ಅದು ಯಾರೋ ಬೇರೆಯ ಹುಡುಗಿಯರ ಮಾತೆಂದುಕೊಂಡಿದ್ದಳು. ಈಗ ಈ ಧೂಳಿನ ಕೋಣೆಯಲ್ಲಿ ಅದು ತನ್ನದಾಯಿತು. ತನ್ನ ಮುಖ ನೋಡದೆ, ತನ್ನ ಹೆಸರು ಕೇಳದೆ, ತಾನು ಹುಟ್ಟುವ ಮೊದಲೇ ಎಲ್ಲೋ ಯಾರೋ ಕೂತು ತನಗೋಸ್ಕರ ಒಂದು ಸಾಲು ಬರೆದಿಟ್ಟಿದ್ದಾರೆ. ಅಪ್ಪನ ಮರ್ಜಿ ಆ ಸಾಲಿನ ಈಚೆಗೇ ನಿಲ್ಲಬೇಕು. ಹುಡುಗಿಯ ಮೈ ಜುಮ್ಮೆಂದಿತು. ಮಳೆಗಾಲದಲ್ಲಿ ಹೊಳೆಯ ದಂಡೆಗೆ ನಿಂತಾಗ ಆಗುತ್ತಿದ್ದುದು ಹಾಗೆಯೇ.

ಕುಬೇರಪ್ಪ ಎದ್ದು ಚಪ್ಪಲಿ ಮೆಟ್ಟಿದರು. ಸೋತರೆಂದು ತನುಜಾ ತಿಳಿದಳು. ಮೆಟ್ಟಿಲು ಇಳಿಯುವಾಗ ಎದೆ ಹಗುರಾಗಿತ್ತು. ಜೀಪಿನ ಬಾಗಿಲು ಹಾಕಿಕೊಂಡ ಮೇಲೆ ಅಪ್ಪ ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ್ದು ಕೇಳಿ ಎದೆ ಮತ್ತೆ ಭಾರವಾಯಿತು.

“ಕಾರ್ಡ್ ಬ್ಯಾಡ, ಹಂದರ ಬ್ಯಾಡ. ಯಾರಿಗೂ ಹೇಳೂದ ಬ್ಯಾಡ. ಬೀಗರ ದೇವರ ಮನ್ಯಾಗ, ನಾಲ್ಕ ಮಂದ್ಯಾಗ, ಈ ಗುರುವಾರ ಮುಗಿಸಿಬಿಡೂನು. ತಾಳಿ ತಯಾರೈತಿ. ಬಳಿ ಒಂದ ಬಾಕಿ.”

ಇದು ಹಟ ಹಿಡಿದ ಮನುಷ್ಯನ ಮಾತು. ವಕೀಲರ ಕಾಯ್ದೆ ಮಹಡಿಯ ಮೇಲೆಯೇ ಉಳಿಯಿತು, ಜೀಪು ಕೆಳಗೆ ಹೊರಟಿತು. ಗುರುವಾರಕ್ಕೆ ಎಷ್ಟು ಹೊತ್ತು ಉಳಿಯಿತೆಂದು ಲೆಕ್ಕ ಹಾಕಲೂ ಹುಡುಗಿಗೆ ಧೈರ್ಯವಾಗಲಿಲ್ಲ. “ಅಪ್ಪಾ” ಎಂದು ಕರೆದಳು. “ಏನವ್ವಾ?” ಅಂದರು. “ಏನಿಲ್ರಿ” ಅಂದಳು. ಅವ್ವ ಆಕೆಯ ಮುಂಗೈ ಹಿಡಿದುಕೊಂಡರು. ಬಿಡಲೇ ಇಲ್ಲ, ಸವಣೂರು ಬರುವವರೆಗೆ.

ಸವಣೂರಿನ ಹಜರತಅಲಿಯ ಬಳೆ ಅಂಗಡಿ ಓಣಿಯ ಒಳಗೆ, ಎರಡು ಆಳಿನಷ್ಟು ಅಗಲದ್ದು. ಗೋಡೆಯ ತುಂಬ ದಾರಕ್ಕೆ ಪೋಣಿಸಿದ ಬಳೆಗಳು. ಸಂಜೆಯ ಬಿಸಿಲು ಒಳಗೆ ಬಿದ್ದು, ಕುಬೇರಪ್ಪನವರ ಬಿಳಿ ಅಂಗಿಯ ಮೇಲೆ ಹಸಿರು ಕೆಂಪು ಚುಕ್ಕೆಗಳು ಓಡಾಡಿದವು. ಹಜರತಅಲಿಗೆ ವಯಸ್ಸಾಗಿತ್ತು, ಗಡ್ಡ ಪೂರ್ತಿ ಬೆಳ್ಳಗೆ. ಅವರ ಮನೆತನಕ್ಕೆ ಎರಡು ಕಟ್ಟಳೆ ಇದ್ದವು, ನಾಲ್ಕೂ ತಾಲೂಕಿನ ಹೆಂಗಸರಿಗೆ ಗೊತ್ತಿದ್ದವು. ಮೊದಲನೆಯದು, ತಮ್ಮೆದುರು ಚಾಚಿದ ಕೈಯನ್ನು ಬರಿದಾಗಿ ಕಳಿಸುವುದಿಲ್ಲ. ಬಡವಿಯಿರಲಿ, ಭಿಕ್ಷೆಯವಳಿರಲಿ, ಒಂದು ಜೊತೆಯಾದರೂ ಇಟ್ಟೇ ಕಳಿಸುವುದು. ಎರಡನೆಯದು, ಕೈ ಮುಟ್ಟುವ ಮೊದಲು ಕೇಳುವುದು. ಪರ ಹೆಣ್ಣಿನ ಕೈ ಅದು. “ಇಡ್ಲೇನವ್ವಾ?” ಅನ್ನಬೇಕು, ಆಕೆ “ಇಡ್ರಿ” ಅನ್ನಬೇಕು, ಆಮೇಲೆ ಮುಟ್ಟಬೇಕು. ಕೈ ಹಿಡಿದ ಮೇಲೂ ಮುಖ ನೋಡುವಂತಿಲ್ಲ, ಕಣ್ಣು ಬಳೆಯ ಮೇಲೇ ಇರಬೇಕು. ಎಲ್ಲ ಹೆಂಗಸರೂ ಮಾತಾಡುತ್ತ ಮಾತಾಡುತ್ತಲೇ “ಇಡ್ರಿ ಇಡ್ರಿ” ಅನ್ನುತ್ತಿದ್ದರು. ಅದು ಬರಿಯ ರೂಢಿಯ ಮಾತು, ಯಾರೂ ತಲೆಯಲ್ಲಿ ಹಾಕಿಕೊಂಡವರಲ್ಲ.

“ಮದುವಿ ಬಳಿ,” ಅಂದರು ಕುಬೇರಪ್ಪ. “ಕೈತುಂಬ, ಹಸಿರು.”

ಹಜರತಅಲಿ ಹುಡುಗಿಯ ಕೈ ಕಡೆ ಒಮ್ಮೆ ನೋಡಿದರು. “ಈ ಕೈಗೆ ತೊಟ್ಟಲದಾಗ ಕರಿಬಳಿ ಇಟ್ಟಾಂವ ನಾನ, ಸಾವ್ಕಾರ್ರ. ಬೆರಳಿನಂಥಾ ಮುಂಗೈ ಇತ್ತು. ಇಷ್ಟ ಲಗೂ ಹಸಿರಬಳಿ ಹೊತ್ತು ಬಂತೇನ್ರಿ? ಸರ್ಕಾರದವ್ರು ಇಲ್ಲೂ ಬಂದು ಹೇಳಿ ಹೋಗ್ಯಾರ. ನನ್ನ ಕಡೆ ಆಗೂದಿಲ್ಲ. ತಪ್ಪು ತಿಳೀಬ್ಯಾಡ್ರಿ.”

ಕುಬೇರಪ್ಪ ಈ ‘ಇಲ್ಲ’ಕ್ಕೆ ತಯಾರಾಗಿಯೇ ಬಂದಿದ್ದರು. ದಾರಿಯುದ್ದಕ್ಕೂ ಅದಕ್ಕೊಂದು ಉತ್ತರ ಹೊಸೆದಿದ್ದರು. ಸಿಟ್ಟಾಗಲಿಲ್ಲ. ಮಗಳ ಮೊಣಕೈಯನ್ನು ಹಿಡಿದು, ಆಕೆಯ ಕೈಯನ್ನು ಬಳೆಗಾರನ ಮುಂದೆ ನೀಡಿದರು.

“ನಿಮ್ಮಪ್ಪ, ನಿಮ್ಮಜ್ಜ, ಚಾಚಿದ ಕೈ ಬರಿದು ಕಳಿಸಿದ್ದು ನಾ ಕೇಳಿಲ್ಲ. ಇದು ನನ್ನ ಮಗಳ ಕೈ. ನಿನ್ನ ಮುಂದ ಐತಿ. ಕಳಿಸ್ತೀಯೇನು ಬರಿದು?”

ಮುದುಕನ ಮುಖ ಕಪ್ಪಿಟ್ಟಿತು. ಹಣಕ್ಕೆ ಜಗ್ಗುವವರಲ್ಲ, ಹೆದರಿಸಿದರೆ ಬಗ್ಗುವವರಲ್ಲ. ಆದರೆ ಸಿಕ್ಕಿಬಿದ್ದದ್ದು ತಮ್ಮದೇ ಕಟ್ಟಳೆಯಲ್ಲಿ. ಅಜ್ಜನಿಂದ ಬಂದದ್ದನ್ನು ಇವತ್ತು ತಾವು ಮುರಿಯಬೇಕೇ? ಕೊನೆಗೆ ನಿಧಾನವಾಗಿ ಕೂತರು. ಮುಂದೆ ಬಟ್ಟೆ ಹಾಸಿದರು. ಗೋಡೆಯಿಂದ ಒಂದು ಹಸಿರು ದಾರ ಇಳಿಸಿ ಗಂಟು ಬಿಚ್ಚಿದರು. ಬಳೆಗಳು ಬಟ್ಟೆಯ ಮೇಲೆ ಸಣ್ಣಗೆ ಸದ್ದು ಮಾಡಿದವು.

ಮುಗಿಯಿತು, ಅಂದುಕೊಂಡಳು ತನುಜಾ. ಪ್ರೆಸ್ಸಿನ ಶೀಲಾ, ಕಂಬದ ನೀಲಪ್ಪ, ವಕೀಲರ ಆ ದೊಡ್ಡ ಸಾಲು, ಎಲ್ಲ ಇಲ್ಲಿಗೆ ಬಂದು ಮುಗಿಯಿತು.

ಹಜರತಅಲಿ ಕಣ್ಣನ್ನು ಬಳೆಗಳ ಮೇಲಿಟ್ಟು ಕೇಳಿದರು. “ಇಡ್ಲೇನವ್ವಾ?”

ಹುಡುಗಿ ಮಾತಾಡಲಿಲ್ಲ.

“ಹೂಂ, ಇಡು,” ಅಂದರು ಕುಬೇರಪ್ಪ.

“ಆಕಿ ಹೇಳ್ಬೇಕ್ರಿ.” ಮುದುಕ ಇನ್ನೊಮ್ಮೆ ಕೇಳಿದರು. “ಇಡ್ಲೇನವ್ವಾ?”

ಮತ್ತೆ ಮಾತಿಲ್ಲ. ಆಗ ಹಜರತಅಲಿ ತಲೆ ಎತ್ತಿದರು. ಆಯುಷ್ಯವಿಡೀ ಹೆಂಗಸರ ಕೈಗಳನ್ನಷ್ಟೇ ಕಂಡು, ಒಬ್ಬಳ ಮುಖವನ್ನೂ ನೋಡದ ಆ ಮನುಷ್ಯ, ಹುಡುಗಿಯ ಮುಖವನ್ನು ನೆಟ್ಟಗೆ ನೋಡಿದರು. ಆ ನೋಟದಲ್ಲಿ ತಪ್ಪು ಹುಡುಕಲು ಯಾರಿಂದಲೂ ಆಗುತ್ತಿರಲಿಲ್ಲ. ನೋಡಿ, ಆಮೇಲೆ ಅಪ್ಪನ ಬೆರಳುಗಳ ಕಡೆ ತಿರುಗಿದರು. ಅವು ಮಗಳ ಮೊಣಕೈಯನ್ನು ಇನ್ನೂ ಬಿಟ್ಟಿರಲಿಲ್ಲ.

“ಸಾವ್ಕಾರ್ರ, ಈ ಕೈ ಚಾಚಿದ್ದು ಯಾರು? ಆಕಿ ಚಾಚಿಲ್ಲ. ನೀವು ಹಿಡ್ಕೊಂಡು ನಿಂತೀರಿ. ಕೈ ಬಿಡ್ರಿ. ಬಿಟ್ಟ ಮ್ಯಾಲೂ ಅದು ನನ್ನ ಮುಂದ ಹಿಂಗ ಇದ್ರ, ನಾ ಜೈಲಿಗೆ ಹೋದ್ರೂ ಸೈ, ಬಳಿ ಇಡ್ತೇನಿ. ನಮ್ಮಜ್ಜನ ಮಾತು ಉಳೀಲಿ.”

ಕುಬೇರಪ್ಪ ಕೈ ಬಿಟ್ಟರು. ಅವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಮಗಳು ಅವರ ಮಾತು ಯಾವತ್ತು ಮೀರಿದ್ದಳು?

ಈಗ ಆ ಕೈ ಗಾಳಿಯಲ್ಲಿ ಒಂಟಿಯಾಗಿತ್ತು. ಹಿಡಿದವರಿಲ್ಲ, ಎಳೆದವರಿಲ್ಲ. ತನುಜಾ ಅದನ್ನೇ ನೋಡಿದಳು. ಹಸಿರು ಬೆಳಕು ಬಿದ್ದ ಅಂಗೈ, ಬೆರಳ ತುದಿಗೆ ಮಾವಿನ ಹಣ್ಣಿನ ಅಂಟು. ಇದು ನನ್ನ ಕೈ, ಅನಿಸಿತು. ಇಷ್ಟು ಸಣ್ಣ ಸಂಗತಿ ಇಷ್ಟು ದಿನ ಹೊಳೆದಿರಲಿಲ್ಲವಲ್ಲ ಎಂದು ಬೆರಗಾದಳು. ಓಣಿಯಲ್ಲಿ ಒಂದು ಸೈಕಲ್ ಹೋಯಿತು. ಹೆದರಿಕೆ ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಅದರ ಪಕ್ಕದಲ್ಲೇ ಮಾತು ಎದ್ದು ನಿಂತಿತು.

ಆಕೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದಳು.

“ಬ್ಯಾಡ್ರಿ ಕಾಕಾ. ನಾ ಒಲ್ಲೆ. ನಾ ಸಾಲಿ ಕಲೀಬೇಕು.”

ದನಿ ದೊಡ್ಡದಿರಲಿಲ್ಲ. ಪಕ್ಕದ ಅಂಗಡಿಗೂ ಕೇಳಿರಲಿಕ್ಕಿಲ್ಲ. ಆದರೆ ಆ ಸಣ್ಣ ಅಂಗಡಿಯಲ್ಲಿ ಅದು ತುಂಬಿಕೊಂಡಿತು. ಬಳೆಗಾರ ಬಟ್ಟೆಯ ಮೇಲಿನ ಬಳೆಗಳನ್ನು ಒಂದೊಂದಾಗಿ ಮತ್ತೆ ದಾರಕ್ಕೆ ಪೋಣಿಸತೊಡಗಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಹುಡುಗ ಇದ್ದಾಗಿಂದ ಕೇಳಿಕೋತ ಬಂದೇನಿ, ಇಡ್ಲೇನವ್ವಾ ಅಂತ,” ಅಂದರು, ಯಾರಿಗೋ ಅಲ್ಲ, ತಮಗೇ. “ಒಬ್ಬಾಕೀನೂ ಬ್ಯಾಡ ಅಂದಿದ್ದಿಲ್ಲ. ಕೇಳೂದು ದಂಡ ಏನೋ ಅಂತ ಮಾಡಿದ್ದೆ. ದಂಡ ಅಲ್ಲ.”

ಕುಬೇರಪ್ಪ ಮಗಳನ್ನು ನೋಡುತ್ತಿದ್ದರು. ಫ್ಲೆಕ್ಸಿಗಾಗಿ ವರ್ಷವರ್ಷವೂ ಫೋಟೋ ತೆಗೆಸಿದ ಮುಖ ಅದೇ. ಆದರೆ ಹಾಗೆ ಎದೆಗೆ ಕೈ ಹಿಡಿದು, ಕಣ್ಣು ತಗ್ಗಿಸದೆ ನಿಂತವಳನ್ನು ಅವರು ಮೊದಲ ಸಲ ಕಾಣುತ್ತಿದ್ದರು.

“ಆಕಿ ಹೇಳಿದ್ದು ಕೇಳ್ತಲ್ರಿ?” ಅಂದರು ವೀರವ್ವ. ಗಂಡನ ಮುಖಕ್ಕೆ ಮುಖ ಕೊಟ್ಟು ಅವರು ಆಡಿದ ಮಾತು ಆ ದಿನ ಅದೊಂದೇ.

ಜೀಪು ಬಂಕಾಪುರದ ದಾರಿ ಹಿಡಿಯಿತು. ಅಪ್ಪನ ಮುಖದ ಮೇಲಿದ್ದದ್ದು ಸಿಟ್ಟೋ ಬೇರೆಯದೋ ತನುಜಾಳಿಗೆ ತಿಳಿಯಲಿಲ್ಲ. ಗುರುವಾರ ಇನ್ನೂ ಗುರುವಾರವಾಗಿಯೇ ಇತ್ತು. ಬಳೆಯಿಲ್ಲದೆಯೂ ತಾಳಿ ಕಟ್ಟಿಸಬಲ್ಲ ಮನುಷ್ಯ ಅಪ್ಪ. ಊರಿನ ಹಳೆಯ ಕೋಟೆಯ ಹತ್ತಿರ ನವಿಲೊಂದು ರಸ್ತೆ ದಾಟಿತು. ಕುಬೇರಪ್ಪ ಜೀಪು ನಿಲ್ಲಿಸಿದರು. ನವಿಲು ಹೋಯಿತು, ಜೀಪು ಮಾತ್ರ ಹೊರಡಲಿಲ್ಲ. ಅವರು ಇಳಿದು, ಬಾನೆಟ್ಟಿಗೆ ಒರಗಿ, ಹಿರೇಕೆರೂರಿಗೆ ಫೋನ್ ಹಚ್ಚಿದರು.

“ಹೌದ್ರಿ, ನಾನ. ಕುಬೇರಪ್ಪ… ಗುರುವಾರ ಆಗೂದಿಲ್ರಿ… ಅಲ್ಲ, ಮುಂದಿನ ವಾರಾನೂ ಅಲ್ಲ. ಇಲ್ರಿ.”

ಇಲ್ಲ ಎಂಬ ಮಾತು ಅವರ ಬಾಯಿಗೆ ಹೊಸದಲ್ಲ. ಆದರೆ ಇದನ್ನು ಹೇಳುವಾಗ ಅವರು ಫೋನನ್ನು ಎರಡೂ ಕೈಯಿಂದ ಹಿಡಿದಿದ್ದರು. ಆ ಕಡೆಯವರು ಜೋರಾಗಿ ಏನೋ ಕೇಳುತ್ತಿದ್ದರು. ಪೊಲೀಸರು ಬಂದರೇ, ವಕೀಲರು ಹೆದರಿಸಿದರೇ, ಅಂಗಡಿಯವರು ಕೈಕೊಟ್ಟರೇ ಎಂದಿರಬೇಕು. ಅಪ್ಪನಿಗೆ ಎಷ್ಟೊಂದು ನೆಪಗಳಿವೆ ಎಂದು ತನುಜಾ ಎಣಿಸಿದಳು. ಎಲ್ಲವೂ ನಿಜದ ನೆಪಗಳೇ, ಯಾವುದು ಹೇಳಿದರೂ ಮರ್ಯಾದೆ ಉಳಿಯುತ್ತಿತ್ತು.

“ಅಂಗಡಿಯಾವ್ರದ್ದೇನೂ ಇಲ್ರಿ,” ಅಂದರು ಕುಬೇರಪ್ಪ. “ಕಾಯ್ದೆ ಮಾತೂ ಅಲ್ಲ.” ಜೀಪಿನೊಳಗೆ ಕೂತ ಮಗಳ ಕಡೆ ತಿರುಗಿದರು. ವರ್ಷವರ್ಷವೂ ಫ್ಲೆಕ್ಸ್ ನಿಲ್ಲಿಸಿ, ದೂರ ಸರಿದು, ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡುತ್ತಿದ್ದರಲ್ಲ, ಹಾಗೆಯೇ ನೋಡಿದರು. “ನಮ್ಮ ಹುಡುಗಿ ಒಲ್ಲೆ ಅಂದಾಳ್ರಿ.”

ಲಾರಿಯೊಂದು ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಆ ಕಡೆಯವರಿಗೆ ಕೇಳಿಸಲಿಲ್ಲವೇನೋ. ಕುಬೇರಪ್ಪ ಲಾರಿ ದಾಟುವವರೆಗೆ ತಡೆದು, ಅದನ್ನೇ ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು.